ಮುಳ್ಳುಪಟ್ಟಿ ಬಿಚ್ಚಿದ ಚಳಿಗಾಲ

ಕಳೆದ ತಿಂಗಳು ಲಿಂಗಸುಗೂರಿನ ಓಣಿಯೊಂದರಲ್ಲಿ ನಡೆದು ಹೋಗುವಾಗ ಹೊಂಗೆ ಎಣ್ಣೆ ಕಾಯಿಸುವ ವಾಸನೆ ಬಂತು. ಒಂದು ಮನೆಯ ಅಂಗಳದಲ್ಲಿ ಯಾರೋ ಕರುವಿನ ಗಾಯಕ್ಕೆ ಹಚ್ಚಲು ಎಣ್ಣೆಗೆ ಅರಿಶಿನ ಕಲಸುತ್ತಿದ್ದರು. ಆ ಕಹಿ ವಾಸನೆಗೆ ನಾನು ಗೋಡೆ ಹಿಡಿದು ನಿಂತೆ. ಜೊತೆಗಿದ್ದ ಮಗಳು ನನಗೆ ತಲೆ ಸುತ್ತಿತೆಂದು ಗಾಬರಿಯಾದಳು. ತಲೆ ಸುತ್ತಿರಲಿಲ್ಲ. ಸಂತೆಕಲ್ಲೂರಿನಲ್ಲಿ ಮಾಸ್ತರನಾಗಿದ್ದ ವರ್ಷ, ಒಂದು ಮುದಿ ನಾಯಿಯ ಸೀಳಿದ ಕಿವಿಗೆ ಇದೇ ಎಣ್ಣೆ ಹಚ್ಚಿದ್ದು ನೆನಪಾಗಿತ್ತು. ಆ ಚಳಿಗಾಲದ ಸಂಗತಿಯನ್ನು ಇದುವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಕಂಡಷ್ಟನ್ನು, ಕಂಡ ಕ್ರಮದಲ್ಲಿ ಇಲ್ಲಿ ಬರೆಯುತ್ತೇನೆ.

ಆಗ ನಿಜಾಮರ ಸರಕಾರ. ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದಿತ್ತು. ನಮ್ಮ ಕಡೆ ಅದು ತಟ್ಟಿದ್ದು ಸೀಮೆಎಣ್ಣೆ ಸಿಗದೆ ಹೋದದ್ದರಿಂದ ಮಾತ್ರ. ನಾನು ಮುದಗಲ್ಲಿನವನು, ವಯಸ್ಸು ಇಪ್ಪತ್ತೆರಡು. ಸಂತೆಕಲ್ಲೂರಿನ ಉರ್ದು ಸಾಲೆ ನನ್ನ ಮೊದಲ ನೌಕರಿ. ಸಾಲೆಯ ಹಿಂದಿನ ಕೋಣೆಯಲ್ಲೇ ಇರುತ್ತಿದ್ದೆ. ಜಗುಲಿಯ ಮೇಲೆ ಯಾರಿಗೂ ಸೇರದ ಒಂದು ಮುದಿ ಹೆಣ್ಣುನಾಯಿ ಮಲಗುತ್ತಿತ್ತು. ಬೂದಿ ಬಣ್ಣದ್ದಾದ್ದರಿಂದ ಮಕ್ಕಳು ಅದಕ್ಕೆ ಬೂದಿ ಎಂದೇ ಹೆಸರಿಟ್ಟಿದ್ದರು. ನಾನು ಅದಕ್ಕೆ ರೊಟ್ಟಿಯ ಅಂಚು ಹಾಕುತ್ತಿದ್ದೆ, ದೂರದಿಂದ. ನನಗೆ ನಾಯಿಗಳೆಂದರೆ ಮೊದಲಿನಿಂದಲೂ ಹೆದರಿಕೆ.

ಸರಕಾರಿ ಹಾಜರಿ ಪುಸ್ತಕದಲ್ಲಿ ಆಜೂರ್ ತಿಂಗಳು ಶುರುವಾಗಿತ್ತು. ಊರಿನವರ ಲೆಕ್ಕದಲ್ಲಿ ದಸರೆ ಕಳೆದು ನಾಲ್ಕು ದಿನ. ಬೆಳಿಗ್ಗೆ ಸಾಲೆ ತೆರೆಯುವ ಹೊತ್ತಿಗೆ ಕುರುಬರ ಹುಲಿಗೆಮ್ಮ ತನ್ನ ಹಿಂಡು ಹೊಡೆದುಕೊಂಡು ಓಣಿಗೆ ಬಂದಳು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಹಿಂಡನ್ನು ಅವಳೇ ಮೇಯಿಸುತ್ತಿದ್ದಳು. ನಲವತ್ತರ ಆಚೀಚಿನ ಎತ್ತರದ ಹೆಂಗಸು, ಹೆಗಲಿಗೆ ಕರಿ ಕಂಬಳಿ, ಎಡಗೈಯಲ್ಲಿ ಕೋಲು. ಬಲಗೈ ಮಣಿಕಟ್ಟಿಗೆ ಎರಡು ಸುತ್ತು ಹಗ್ಗ ಸುತ್ತಿಕೊಂಡಿದ್ದಳು. ಹಗ್ಗದ ತುದಿಯಲ್ಲಿ ಕೆಂಚ ಎಂಬ ಅವಳ ನಾಯಿ. ಕೆಂಪು ಮೈಯ, ಅಗಲ ಎದೆಯ ಗಂಡು. ಅದರ ಕುತ್ತಿಗೆಯಲ್ಲಿ ಕಬ್ಬಿಣದ ಮೊಳೆಗಳು ಹೊರಚಾಚಿದ ತೊಗಲಿನ ಪಟ್ಟಿ ಇತ್ತು. ರಾತ್ರಿ ಹೊಲದಲ್ಲಿ ಕುರಿ ತರುಬಿದಾಗ, ಅಂದರೆ ಕೂಡಿಹಾಕಿದಾಗ, ತೋಳ ಬಂದು ನಾಯಿಯ ಗಂಟಲು ಹಿಡಿಯಬಾರದೆಂದು ಕುರುಬರು ಅಂಥ ಮುಳ್ಳುಪಟ್ಟಿ ಕಟ್ಟುತ್ತಾರೆ.

ಎದುರಿನಿಂದ ಅಮರಪ್ಪಜ್ಜನ ಹಿಂಡು ಬಂತು, ಜೊತೆಗೆ ಅವನ ನಾಯಿ ಗುಂಡ. ಕೆಂಚ ಅದರತ್ತ ನೆಗೆಯಿತು. ಮಣಿಕಟ್ಟಿನ ಹಗ್ಗ ಬಿಗಿದು ಹುಲಿಗೆಮ್ಮ ಮುಖ ಅಡಿಯಾಗಿ ಬಿದ್ದಳು. ಅವಳನ್ನು ಎಳೆದುಕೊಂಡೇ ನಾಯಿ ಹೋಗಿ ಗುಂಡನ ಮೇಲೆ ಬಿತ್ತು. ನಾನು ಆಮೇಲೆ ಅಳೆದು ನೋಡಿದೆ, ಹದಿನಾಲ್ಕು ಹೆಜ್ಜೆ. ನಾನು ಸಾಲೆಯ ಜಗುಲಿಯ ಮೇಲಿದ್ದೆ. ಕೈಯಲ್ಲಿ ಬೀಗದ ಕೈ ಇತ್ತು. ಇಳಿಯಲಿಲ್ಲ. ಕೂಗಲೂ ಇಲ್ಲ. ಇಬ್ಬರು ಗಂಡಸರು ಕೋಲುಗಳಿಂದ ನಾಯಿಗಳನ್ನು ಬಿಡಿಸುವವರೆಗೆ ನಿಂತೇ ಇದ್ದೆ. ಗುಂಡನ ಮುಂಗಾಲು ಹರಿದಿತ್ತು. ಹುಲಿಗೆಮ್ಮನ ಮಣಿಕಟ್ಟು ಮುರಿದಿತ್ತು.

ಸಂಜೆ ಕಟ್ಟೆಯ ಮೇಲೆ ಮಾತಾಯಿತು. ಪ್ರತಿವರ್ಷ ಸಂಕ್ರಾಂತಿ ಕಳೆದ ಮೇಲೆ ಸಂತೆಕಲ್ಲೂರಿನ ಏಳು ಹಿಂಡುಗಳು ಒಟ್ಟಿಗೆ ಮಸ್ಕಿಯ ಹಳ್ಳ ದಾಟಿ ಸಿಂಧನೂರಿನ ಕಪ್ಪು ಮಣ್ಣಿನ ಎರಿ ಸೀಮೆಗೆ ಹೋಗುತ್ತಿದ್ದವು. ಅಲ್ಲಿ ಜೋಳ ಕೊಯ್ದ ಹೊಲಗಳಲ್ಲಿ ಕುರಿ ತರುಬಿಸಿಕೊಳ್ಳಲು ರೈತರು ಕಾದಿರುತ್ತಿದ್ದರು. ಹೊಲಕ್ಕೆ ಗೊಬ್ಬರ, ಕುರುಬರಿಗೆ ಕಾಳು, ಕುರಿಗೆ ಮೇವು. ಇತ್ತ ನಮ್ಮ ಕಲ್ಲು ನೆಲದಲ್ಲಿ ಆ ಹೊತ್ತಿಗೆ ಕಡ್ಡಿಯೂ ಉಳಿಯುತ್ತಿರಲಿಲ್ಲ. ಒಬ್ಬೊಬ್ಬರೇ ಹೋಗುವ ಹಾಗಿರಲಿಲ್ಲ. ಏಳು ಹಿಂಡಿಗೆ ಏಳು ನಾಯಿ, ಅದೇ ರಾತ್ರಿಯ ಕಾವಲು. ಅಮರಪ್ಪಜ್ಜ ಗುಂಪಿನ ಹಿರಿಯ, ಹುಲಿಗೆಮ್ಮನ ಗಂಡನ ಚಿಕ್ಕಪ್ಪ. ಅವನು ಧ್ವನಿ ಏರಿಸಲಿಲ್ಲ.

“ಯವ್ವಾ ಹುಲಿಗಿ, ನಿನ್ನ ನಾಯಿ ನನ್ನ ನಾಯೀನ ಕುಂಟ ಮಾಡ್ಯದ. ಅದನ್ನ ಬಿಟ್ಟು ನೀ ಬಾ. ಇಲ್ಲಾಂದ್ರ ಈ ವರ್ಷ ನೀನೂ ನಿಲ್ಲು.”

“ನಾಯಿ ಬಿಟ್ಟು ಬಂದ್ರ ನನ್ನ ಕುರಿ ಯಾರು ಕಾಯ್ತಾರ, ಮಾವ? ನಿಂತ್ರ ಅವು ಏನ್ ತಿಂತಾವ?”

ಆಮೇಲೆ ಅವಳೇ ಒಂದು ಗಡುವು ಕೇಳಿದಳು. ಮಸ್ಕಿಯ ಹಳ್ಳದವರೆಗೆ ತನ್ನ ಹಿಂಡು ಎಲ್ಲರ ಹಿಂದೆ ಬರಲಿ. ಅಲ್ಲಿ ಕುರಿಗಳು ನೀರು ಕುಡಿಯುವಾಗ ಏಳೂ ನಾಯಿಗಳು ಒಂದೇ ದಂಡೆಯಲ್ಲಿ ಇರಬೇಕಾಗುತ್ತದೆ. ಅಲ್ಲಿ ಕೆಂಚ ಸುಮ್ಮನಿದ್ದರೆ ಮುಂದೆ ಕರೆದುಕೊಂಡು ಹೋಗಲಿ, ಇಲ್ಲವಾದರೆ ತಾನೇ ತಿರುಗಿ ಬರುತ್ತಾಳೆ. ಅಜ್ಜ ಒಪ್ಪಿದ. ಒಪ್ಪಿದ ದನಿಯಲ್ಲಿ ನಂಬಿಕೆ ಇರಲಿಲ್ಲ.

ಮೂರನೆಯ ದಿನ ಅವಳು ಬಿದಿರಿನ ಸೀಳು ಕಟ್ಟಿದ ಕೈ ಎದೆಗೆ ಒತ್ತಿಕೊಂಡು ಸಾಲೆಗೆ ಬಂದಳು. ನಾಯಿಗೆ ನಾಯಿಯನ್ನು ರೂಢಿ ಮಾಡಿಸಬೇಕೆಂದರೆ ಇನ್ನೊಂದು ನಾಯಿ ಬೇಕು, ಊರಿನಲ್ಲಿ ಯಾರೂ ಕೊಡಲೊಲ್ಲರು ಎಂದಳು. ಅವಳ ಕಣ್ಣು ಬೂದಿಯ ಮೇಲಿತ್ತು. ತೆಗೆದುಕೊಂಡು ಹೋಗು ಎಂದೆ. ಹಗ್ಗ ಕಟ್ಟಿ ಎಳೆದಳು. ಬೂದಿ ನೆಲಕ್ಕೆ ಅಂಟಿಕೊಂಡಿತು, ಏಳಲಿಲ್ಲ. ನಾನು ಕರೆದೆ. ಎದ್ದು ನನ್ನ ಹತ್ತಿರ ಬಂತು.

“ನೀವೂ ಬರಬೇಕಾಗ್ತದ, ಮಾಸ್ತರ್ರ,” ಎಂದಳು. “ನಿಮ್ಮ ರೊಟ್ಟಿ ಋಣ ಅದರ ಮ್ಯಾಲ ಐತಿ.”

ಆಗಲ್ಲ ಅನ್ನಬೇಕೆಂದು ಬಾಯಿ ತೆರೆದವನು ಅವಳ ಕೈಗೆ ಕಟ್ಟಿದ ಬಿದಿರು ನೋಡಿ ಮುಚ್ಚಿಕೊಂಡೆ. ಹದಿನಾಲ್ಕು ಹೆಜ್ಜೆಗಳಲ್ಲಿ ಒಂದನ್ನೂ ನಾನು ತಡೆದಿರಲಿಲ್ಲ.

ಹೀಗೆ ಶುರುವಾಯಿತು. ನಾನು ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ಅದಕ್ಕೆಂದೇ ಬೇರೆ ಇಟ್ಟಿದ್ದ ಹಳೆಯ ಲುಂಗಿ ಉಟ್ಟು ಹೊರಡುತ್ತಿದ್ದೆ. ನಾಯಿಯ ಜೊಲ್ಲು ತಾಗಿದ ಬಟ್ಟೆಯಲ್ಲಿ ನಮಾಜು ಸಲ್ಲದು. ತಿರುಗಿ ಬಂದು ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಹೊತ್ತು ಮುಳುಗಿದ ಮೇಲಿನ ಮಗ್ರಿಬ್‌ಗೆ ನಿಲ್ಲುತ್ತಿದ್ದೆ. ನಡುವಿನ ಆ ಒಂದು ಗಂಟೆ ಊರ ಪಡುವಣದ ಬೀಳು ಹೊಲದಲ್ಲಿ. ಬೇವಿನ ಮರದ ಕೆಳಗೆ ನಾನು ಮತ್ತು ಬೂದಿ. ನೂರು ಹೆಜ್ಜೆ ಆಚೆ ಹುಲಿಗೆಮ್ಮ ಮತ್ತು ಕೆಂಚ. ಅವಳ ಸೆರಗಿನಲ್ಲಿ ಕುರಿಹಾಲಿನಲ್ಲಿ ನೆನೆಸಿದ ರೊಟ್ಟಿಯ ಚೂರುಗಳು ಇರುತ್ತಿದ್ದವು.

ಅವಳಿಗೆ ನಾಯಿ ಪಳಗಿಸುವುದನ್ನು ಯಾರೂ ಕಲಿಸಿರಲಿಲ್ಲ. ಕುರಿಗಳಿಂದ ಕಲಿತದ್ದನ್ನೇ ತಂದಳು. ಬೆದರಿದ ಕುರಿಯನ್ನು ನೇರ ಎದುರಿನಿಂದ ತರಬಾರದು, ಸುತ್ತು ಹಾಕಿಸಬೇಕು. ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಓಡುವ ಮೊದಲು ಅದರ ಕಿವಿ ಏಳುತ್ತದೆ, ಅಷ್ಟರಲ್ಲೇ ಕರೆಯಬೇಕು, ಓಡಿದ ಮೇಲೆ ಕರೆದು ಫಲವಿಲ್ಲ. ಕೆಂಚ ನಮ್ಮತ್ತ ನೋಡಿ ಕಿವಿ ನಿಗುರಿಸಿದ ಕ್ಷಣದಲ್ಲಿ, ಗುರ್ರೆನ್ನುವ ಮೊದಲೇ, ಅವಳು ನಾಲಿಗೆಯಿಂದ ಟಕ್ಕೆನ್ನಿಸುತ್ತಿದ್ದಳು. ಅದು ಅವಳತ್ತ ತಿರುಗಿದರೆ ರೊಟ್ಟಿ. ತಿರುಗದಿದ್ದರೆ ಹತ್ತು ಹೆಜ್ಜೆ ಹಿಂದೆ. ಬೈಗುಳವಿಲ್ಲ, ಏಟಿಲ್ಲ. ಊರ ಮಂದಿ ದಾರಿಯಲ್ಲಿ ನಿಂತು ನಗುತ್ತಿದ್ದರು. ಸಾಲಿ ಮಾಸ್ತರ ಈಗ ನಾಯಿಗಳಿಗೂ ಹಾಜರಿ ಹಾಕುತ್ತಾನೆ ಎಂದು ಒಬ್ಬನೆಂದದ್ದು ಮುದಗಲ್ಲಿನವರೆಗೂ ಹೋಯಿತು. ನನ್ನ ತಾಯಿ, ನಾಯಿ ಕಾಯುವ ನೌಕರಿ ಯಾವ ದಫ್ತರಿನದು ಎಂದು ಕೇಳಿ ಕಳುಹಿಸಿದಳು.

ಹಾಜರಿ ಹಾಕುತ್ತಿದ್ದದ್ದು ನಿಜ. ನಾನು ಒಂದು ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ದಿನವೂ ಬರೆದಿಡುತ್ತಿದ್ದೆ. ಎಷ್ಟು ಹೆಜ್ಜೆ, ಎಷ್ಟು ಸಲ ಗುರುಗುಟ್ಟಿತು, ಗಾಳಿ ಯಾವ ಕಡೆಯಿಂದ. ಹೆದರಿದವನಿಗೆ ಅಳೆಯುವುದೊಂದು ಆಸರೆ. ನೂರರಿಂದ ಅರವತ್ತು ಹೆಜ್ಜೆಗೆ ಹನ್ನೆರಡು ದಿನದಲ್ಲಿ ಬಂದೆವು. ಅಲ್ಲಿ ನಿಂತಿತು. ದೀಪಾವಳಿ ಬಂದು ಹೋಯಿತು. ಅರವತ್ತಕ್ಕಿಂತ ಒಂದು ಹೆಜ್ಜೆ ಒಳಗೆ ಬಂದರೂ ಕೆಂಚನ ಬೆನ್ನ ಕೂದಲು ಏಳುತ್ತಿತ್ತು.

ಆಮೇಲೆ ಒಂದು ಸಂಜೆ ಕೆಂಚ ನಲವತ್ತು ಹೆಜ್ಜೆಗೆ ಬಂದು, ಬೂದಿಯನ್ನು ನೋಡಿ, ಮುಖ ತಿರುಗಿಸಿ ನೆಲ ಮೂಸಿತು. ಮರುದಿನ ಮತ್ತೆ ಅರವತ್ತು. ಅದರ ಮರುದಿನವೂ ಅರವತ್ತು. ನಾನು ಪುಸ್ತಕ ತೆಗೆದು ಎಲ್ಲ ಸಾಲುಗಳನ್ನೂ ಓದಿದೆ. ನಲವತ್ತು ಹೆಜ್ಜೆಯ ದಿನದ ಎದುರು ಬೇರೆ ಏನೂ ವಿಶೇಷವಿರಲಿಲ್ಲ, ಒಂದು ಮಾತಿನ ಹೊರತು. ಪಟ್ಟಿಯ ಮೊಳೆ ಬಗ್ಗಿ ಕಮ್ಮಾರನಲ್ಲಿಗೆ ಕೊಟ್ಟಿದೆ ಎಂದು ಬರೆದಿದ್ದೆ.

ಇದನ್ನು ಅವಳಿಗೆ ಹೇಳಲು ಒಂದಿಡೀ ದಿನ ತೆಗೆದುಕೊಂಡೆ. ಕೆಂಚ ಮರಿಯಾಗಿದ್ದಾಗ ಮುದಗಲ್ಲಿನ ಬೀದಿನಾಯಿಗಳು ಅದನ್ನು ಹಿಡಿದಿದ್ದವಂತೆ. ಅಂದಿನಿಂದ ಊರೊಳಗೆ ಬರುವಾಗಲೆಲ್ಲ ಅವಳು ಹಗಲಿನಲ್ಲೇ ಮುಳ್ಳುಪಟ್ಟಿ ಕಟ್ಟುತ್ತಿದ್ದಳು, ಕುತ್ತಿಗೆ ಕಾಯಲೆಂದು. ಉಳಿದ ಕುರುಬರೂ ಊರು ಬಂದಾಗ ಹಾಗೆಯೇ ಮಾಡುತ್ತಿದ್ದರು, ಯಾರಿಗೂ ಅದು ತಪ್ಪೆನಿಸಿರಲಿಲ್ಲ. ಆದರೆ ಪಟ್ಟಿ ಕಟ್ಟಿದಾಗ ತೋಳ ಬರುತ್ತದೆ ಎಂದು ನಾಯಿ ಹೊಲದಲ್ಲಿ ಕಲಿತಿತ್ತು. ಊರಲ್ಲಿ ಪಟ್ಟಿ ಕಟ್ಟಿದರೆ, ಕಂಡ ನಾಯಿಯೆಲ್ಲ ಅದಕ್ಕೆ ತೋಳವಾಗಿ ಕಾಣುತ್ತಿತ್ತು.

ನಾನು ಹೇಳಿ ಮುಗಿಸಿದಾಗ ಅವಳ ಮುಖ ಬಿಗಿಯಾಯಿತು. ಆ ಪಟ್ಟಿಯನ್ನು ಮಾಡಿಸಿದವನು ಅವಳ ಗಂಡ. ಕೆಂಚನಿಗಿಂತ ಮೊದಲು ಸಾಕಿದ್ದ ನಾಯಿಯೊಂದು ಪಟ್ಟಿಯಿಲ್ಲದ ರಾತ್ರಿ ತೋಳದ ಬಾಯಲ್ಲಿ ಸತ್ತಿತ್ತು.

“ಪಟ್ಟಿ ಬಿಚ್ಚು ಅಂತೀರಿ. ಅದರ ಕುತ್ತಿಗಿ ಹೋದ್ರ ನಿಮ್ಮ ಪುಸ್ತಕ ತಂದು ಕೊಡ್ತದೇನು?”

ರಾತ್ರಿ ಕಟ್ಟು, ಹಗಲು ಬಿಚ್ಚು ಎಂದಷ್ಟೇ ಹೇಳಿದೆ. ಅವಳು ನಾಯಿ ಹಿಡಿದುಕೊಂಡು ಹೊರಟುಹೋದಳು. ಮರುದಿನ ಸಂಜೆ ಬಂದಾಗ ಕೆಂಚನ ಕುತ್ತಿಗೆ ಬರಿದಾಗಿತ್ತು. ಪಟ್ಟಿ ಇದ್ದ ಜಾಗದಲ್ಲಿ ಕೂದಲು ಸವೆದು ಒಂದು ಬಿಳಿ ಸುತ್ತು ಕಾಣುತ್ತಿತ್ತು. ಹಗ್ಗವನ್ನು ಎದೆಯ ಸುತ್ತ ಮೆತ್ತಗೆ ಕಟ್ಟಿದ್ದಳು. ಬಲಗೈ ಇನ್ನೂ ಬಿದಿರಿನಲ್ಲಿದ್ದುದರಿಂದ ಅದನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದಿದ್ದಳು. ಎಳೆಯಲು ಬಲವೇ ಇರಲಿಲ್ಲ. ಅದೂ ಒಳ್ಳೆಯದೇ ಆಯಿತು. ಮೊದಲೆಲ್ಲ ದೂರದಲ್ಲಿ ನಾಯಿ ಕಂಡ ಕೂಡಲೇ ಅವಳ ಕೈ ಬಿಗಿಯುತ್ತಿತ್ತು, ಆ ಬಿಗಿತ ಹಗ್ಗದಲ್ಲಿ ಹರಿದು ನಾಯಿಗೆ ಮುಟ್ಟುತ್ತಿತ್ತು. ಇದನ್ನು ಕಂಡುಕೊಂಡವಳು ಅವಳೇ.

ಜೋಳದ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ನಾವು ಹದಿನೈದು ಹೆಜ್ಜೆಗೆ ಬಂದಿದ್ದೆವು. ಎದುರುಬದುರಾಗಿ ಅಲ್ಲ, ಒಂದೇ ದಿಕ್ಕಿಗೆ ಮುಖ ಮಾಡಿ, ಅಕ್ಕಪಕ್ಕದ ಎರಡು ಸಾಲುಗಳಲ್ಲಿ ನಡೆಯುತ್ತಿದ್ದೆವು. ನನ್ನ ಹೆದರಿಕೆಯೂ ಹೆಜ್ಜೆಯ ಲೆಕ್ಕದಲ್ಲಿ ಇಳಿದಿತ್ತು. ಒಂದು ಸಂಜೆ ಹುಲಿಗೆಮ್ಮ ನಗುತ್ತ, ಮಾಸ್ತರ್ರ ಬೆನ್ನ ಕೂದಲೂ ಈಗ ಏಳೂದಿಲ್ಲ ಎಂದಳು.

ಎಳ್ಳ ಅಮಾವಾಸ್ಯೆಯ ಮರುದಿನ ಅನಾಹುತವಾಯಿತು. ಬೇಟೆಗೆ ಹೋಗಿದ್ದ ಯಾರದೋ ಎರಡು ನಾಯಿಗಳು ಜೋಳದ ಹೊಲದಿಂದ ಒಮ್ಮೆಲೇ ಹೊರಬಿದ್ದು ನಮ್ಮ ನಡುವೆ ಹಾದುಹೋದವು. ಕೆಂಚ ಸಿಡಿಯಿತು. ಅವು ಸಿಗಲಿಲ್ಲ, ಸಿಕ್ಕದ್ದು ಬೂದಿ. ಮುದಿ ನಾಯಿಯ ಕಿವಿ ಸೀಳಿ ರಕ್ತ ನನ್ನ ಲುಂಗಿಯ ಮೇಲೆ ಬಿತ್ತು. ನಾನು ಮತ್ತೆ ಕಂಬದಂತೆ ನಿಂತೆ. ಆದರೆ ಬೆರಳುಗಳು ತಾವಾಗಿಯೇ ತೆರೆದುಕೊಂಡವು, ಬೂದಿಯ ಹಗ್ಗ ನೆಲಕ್ಕೆ ಬಿತ್ತು. ಇದನ್ನು ಧೈರ್ಯವೆಂದು ಹೇಳಲಾರೆ. ಹಗ್ಗ ಸಡಿಲಾದ ಕೂಡಲೇ ಬೂದಿ ಓಡಲಿಲ್ಲ, ಕಚ್ಚಲಿಲ್ಲ. ಕೆಂಚನಿಗೆ ಪಕ್ಕೆ ತೋರಿಸಿ, ತಲೆ ಆಚೆ ತಿರುಗಿಸಿ ಕುಳಿತುಬಿಟ್ಟಿತು. ಎರಡನೆಯ ಸಲ ಬಾಯಿ ಹಾಕಲು ಬಂದ ಕೆಂಚ ನಿಂತಿತು. ಅದರ ಮೈಯೆಲ್ಲ ನಡುಗುತ್ತಿತ್ತು. ಹುಲಿಗೆಮ್ಮ ನಾಲಿಗೆ ಟಕ್ಕೆನ್ನಿಸಿದಳು. ಅದು ತಿರುಗಿತು.

ಆ ರಾತ್ರಿ ಅವಳು ಹೊಂಗೆ ಎಣ್ಣೆ, ಅರಿಶಿನ ತಂದು ಕೊಟ್ಟಳು. ಬೂದಿಯ ಕಿವಿಗೆ ಹಚ್ಚಿದವನು ನಾನು. ಅದೇ ಮೊದಲ ಸಲ ಒಂದು ನಾಯಿಯ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡದ್ದು. ಇನ್ನು ಸಾಕು ಎಂದು ಅವಳೇ ಅಂದಳು. ಕುರಿ ಅರ್ಧ ಮಾರಿ ಊರಲ್ಲೇ ಇರುತ್ತೇನೆ, ಒಂದು ಮುದಿ ಜೀವವನ್ನು ಕೊಂದು ನಾನು ಸಿಂಧನೂರು ಕಾಣಬೇಕಿಲ್ಲ ಎಂದಳು. ನಾನು ಪುಸ್ತಕ ತೆರೆದು, ಅಂದಿನ ಸಾಲನ್ನು ಅವಳಿಗೆ ಓದಿ ಹೇಳಿದೆ. ಒಂದು ಸಲ ಕಚ್ಚಿತು, ಎರಡನೆಯ ಸಲ ಕರೆದಾಗ ತಿರುಗಿತು. ದಸರೆಯ ದಿನಗಳಲ್ಲಿ ಇಬ್ಬರು ಗಂಡಸರು ಕೋಲು ಹಿಡಿದು ಬಂದರೂ ತಿರುಗಿರಲಿಲ್ಲ.

ಅವಳು ಆ ಸಾಲನ್ನು ಇನ್ನೊಮ್ಮೆ ಓದಲು ಹೇಳಿದಳು.

ಮರುದಿನದಿಂದ ಮತ್ತೆ ನೂರು ಹೆಜ್ಜೆ. ಹೊರಡಲು ಹದಿನೇಳು ದಿನ ಉಳಿದಿತ್ತು. ಈ ಸಲ ಬೇಗ ಬಂದೆವು. ಬೂದಿ ಕಿವಿ ವಾಸಿಯಾಗುವ ಮೊದಲೇ ಎದ್ದು ನನ್ನ ಮುಂದೆ ನಡೆದಿತ್ತು. ಹನ್ನೊಂದನೆಯ ದಿನ ಎರಡೂ ನಾಯಿಗಳು ಒಂದೇ ಸಾಲಿನಲ್ಲಿ ನಡೆದವು, ನಡುವೆ ಇಬ್ಬರು ಮನುಷ್ಯರು. ಹದಿನಾಲ್ಕನೆಯ ದಿನ ನಡುವೆ ಯಾರೂ ಇರಲಿಲ್ಲ. ಬಿದಿರಿನ ಸೀಳು ಬಿಚ್ಚಿದ ಬಲಗೈಯನ್ನು ಹುಲಿಗೆಮ್ಮ ಬೇಕೆಂದೇ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದಳು, ಹಗ್ಗ ಬಿಗಿದುಬಿಟ್ಟೀತೆಂದು.

ಸಂಕ್ರಾಂತಿಯ ನಂತರದ ಶುಕ್ರವಾರ, ಸಾಲೆಗೆ ಜುಮ್ಮಾ ರಜೆಯ ದಿನ, ಹಿಂಡುಗಳು ಹೊರಟವು. ಬೂದಿಯನ್ನು ಸಾಲೆಯ ಜಗುಲಿಯಲ್ಲೇ ಬಿಟ್ಟು ನಾನೂ ಮಸ್ಕಿಯವರೆಗೆ ನಡೆದೆ. ಹುಲಿಗೆಮ್ಮನ ಹಿಂಡು ಎಲ್ಲಕ್ಕಿಂತ ಹಿಂದೆ, ಮುಂದಿನ ಹಿಂಡಿನ ಧೂಳು ಇಳಿಯುವಷ್ಟು ದೂರದಲ್ಲಿ. ಹೊತ್ತು ನೆತ್ತಿಗೇರುವ ಮೊದಲೇ ಮಸ್ಕಿಯ ಗುಡ್ಡ ಕಂಡಿತು. ಹಳ್ಳದಲ್ಲಿ ನೀರು ಮೊಣಕಾಲಿನಷ್ಟಿತ್ತು. ಅಲ್ಲಿ ಒಂದು ಪದ್ಧತಿ. ಹಿಂಡುಗಳು ಸರತಿಯಂತೆ ಒಂದೊಂದೇ ನೀರಿಗಿಳಿಯಬೇಕು. ಎಲ್ಲ ಹಿಂಡುಗಳೂ ದಾಟುವವರೆಗೆ ಪ್ರತಿಯೊಬ್ಬನೂ ಈಚೆ ದಂಡೆಯ ಮೇಲೆ ತನ್ನ ಕಂಬಳಿ ಹಾಸಿ ನಾಯಿಯನ್ನು ಅದರ ಪಕ್ಕ ಕೂರಿಸುತ್ತಾನೆ. ಆರು ಕಂಬಳಿ, ಮುಳ್ಳುಪಟ್ಟಿ ಕಟ್ಟಿದ ಆರು ನಾಯಿ. ಹುಲಿಗೆಮ್ಮ ಏಳನೆಯ ಕಂಬಳಿ ಹಾಸಿದಳು. ಗುಂಡನ ಕಂಬಳಿಯಿಂದ ಅದು ಒಂಬತ್ತು ಹೆಜ್ಜೆ ದೂರವಿತ್ತು.

ಅಮರಪ್ಪಜ್ಜ ಕೆಂಚನ ಬರಿಗುತ್ತಿಗೆ ನೋಡಿ, ಇವಳಿಗೆ ತಲೆ ಕೆಟ್ಟಿದೆಯೇ ಎನ್ನುವಂತೆ ನನ್ನತ್ತ ನೋಡಿದ.

ನಾಲ್ಕು ಹಿಂಡುಗಳು ಕುಡಿದು ಆಚೆ ದಂಡೆಗೆ ಹೋದವು. ಐದನೆಯದು ಇಳಿಯುವಾಗ, ಕೆಂಚನೂ ಗುಂಡನೂ ಅಲ್ಲದ ಬೇರೆ ಎರಡು ನಾಯಿಗಳ ನಡುವೆ ಜಗಳ ಹತ್ತಿತು. ಮೊಳೆಗೆ ಮೊಳೆ ತಾಗುವ ಸದ್ದು. ಮಾಲೀಕರು ಹಗ್ಗ ಎಳೆದರು, ಎಳೆದಷ್ಟೂ ಅವು ಹೆಚ್ಚು ಕೆರಳಿದವು. ಕುಂಟ ಗುಂಡ ಕೂಡ ಎದ್ದು ಆ ಗದ್ದಲಕ್ಕೆ ಹಾರಿತು. ಅದಕ್ಕೆ ದಾರಿ ನಮ್ಮ ಕಂಬಳಿಯ ಮೇಲೇ. ನೀರಿನಲ್ಲಿದ್ದ ಕುರಿಗಳು ಬೆದರಿ ಎಲ್ಲ ದಿಕ್ಕಿಗೂ ಚೆದರಿದವು. ಕೆಂಚನ ಕಿವಿಗಳು ಎದ್ದವು. ಬೆನ್ನ ಕೂದಲು ಎದ್ದಿತು. ಹುಲಿಗೆಮ್ಮನ ಕೈಯನ್ನು ನಾನು ನೋಡುತ್ತಿದ್ದೆ. ಒಮ್ಮೆ ಬೆರಳುಗಳು ಮುಚ್ಚಿದವು. ಆಮೇಲೆ ಒಂದೊಂದಾಗಿ ತೆರೆದವು. ಅವಳು ಹಗ್ಗವನ್ನು ನೆಲಕ್ಕೆ ಬಿಟ್ಟಳು. ನಾಲಿಗೆಯನ್ನು ಒಂದೇ ಸಲ ಟಕ್ಕೆನ್ನಿಸಿದಳು.

ಗುಂಡ ಕೆಂಚನ ಮೂತಿಯಿಂದ ಒಂದು ಮೊಳ ದೂರದಲ್ಲಿ ಹಾದುಹೋಯಿತು. ಕೆಂಚ ತಲೆ ಆಚೆ ತಿರುಗಿಸಿತು. ಪಕ್ಕೆ ತೋರಿಸಿ ಕಂಬಳಿಯ ಮೇಲೆ ಕುಳಿತಿತು, ಬೂದಿ ಕುಳಿತ ಹಾಗೆಯೇ. ಆಮೇಲೆ ಹುಲಿಗೆಮ್ಮನ ಮುಖ ನೋಡಿತು. ಅವಳು ಸೆರಗಿನಿಂದ ರೊಟ್ಟಿಯ ಚೂರು ತೆಗೆದು ನನ್ನ ಕೈಗೆ ಹಾಕಿದಳು. ನಾನೇ ಕೆಂಚನಿಗೆ ಕೊಟ್ಟೆ. ಅದರ ಬಾಯಿ ನನ್ನ ಅಂಗೈಗೆ ತಾಗಿತು.

ಮೂರು ನಾಯಿಗಳನ್ನು ಬಿಡಿಸಿ, ಕುರಿಗಳನ್ನು ಒಟ್ಟುಗೂಡಿಸುವಷ್ಟರಲ್ಲಿ ಬಹಳ ಹೊತ್ತಾಯಿತು. ಹುಲಿಗೆಮ್ಮ ಅಂಜದೆ ನೀರಿಗಿಳಿದು, ಚೆದರಿದ ಕುರಿಗಳಲ್ಲಿ ಅರ್ಧದಷ್ಟನ್ನು ಸೇರಿಸಿ ತಂದಳು. ಅಷ್ಟು ಹೊತ್ತೂ ಕೆಂಚ ಕಂಬಳಿ ಬಿಟ್ಟು ಏಳಲಿಲ್ಲ. ಹಿಡಿದವರು ಯಾರೂ ಇರಲಿಲ್ಲ.

ಅಮರಪ್ಪಜ್ಜ ತೊಯ್ದ ಧೋತರದಲ್ಲಿ ದಂಡೆ ಹತ್ತಿ ಬಂದ. ಕೆಂಚನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಅದರ ಕುತ್ತಿಗೆಯ ಬಿಳಿ ಸುತ್ತನ್ನು ನೋಡಿದ.

“ಹಗಲಾಗ ಬಿಚ್ಚಿಯೇನು?”

“ಹೂಂ, ಮಾವ. ರಾತ್ರಿ ಕಟ್ತೀನಿ.”

ಅವನು ಎದ್ದು ಹೋಗಿ ಗುಂಡನನ್ನು ಹಿಡಿದು ಅದರ ಪಟ್ಟಿ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಒಬ್ಬೊಬ್ಬರಾಗಿ ಉಳಿದವರೂ ಬಗ್ಗಿ ತಮ್ಮ ನಾಯಿಗಳ ಪಟ್ಟಿ ಬಿಚ್ಚಿದರು. ಒಬ್ಬ ಮಾತ್ರ ಹಿಂಜರಿದ, ತನ್ನ ನಾಯಿ ಕೆಟ್ಟದ್ದು ಎಂದ. ಹಂಗಂತ ನಾವೂ ಇದಕ್ಕ ಅಂದಿದ್ವಿ ಎಂದು ಅಜ್ಜ ಹೇಳಿದ ಮೇಲೆ ಅವನೂ ಬಿಚ್ಚಿದ.

“ಹುಲಿಗಿ,” ಎಂದ ಅಜ್ಜ, “ಹಿಂದ ಬರಬ್ಯಾಡ. ನನ್ನ ಹಿಂಡಿನ ಬೆನ್ನಿಗೆ ನಿನ್ನ ಹಿಂಡು ಹೊಡಕೊಂಡು ಬಾ.”

ಎರಡನೆಯ ಜಾಗ. ಆ ದಾರಿಯಲ್ಲಿ ಒಬ್ಬ ಹೆಂಗಸಿನ ಹಿಂಡು ಅಲ್ಲಿಗೆ ಬಂದದ್ದನ್ನು ತಾನು ಕಂಡಿಲ್ಲ ಎಂದು ಅಲ್ಲಿದ್ದ ಇನ್ನೊಬ್ಬ ಮುದುಕ ನನ್ನ ಕಿವಿಯಲ್ಲಿ ಹೇಳಿದ. ಹುಲಿಗೆಮ್ಮ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡಳು, ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ನನ್ನತ್ತ ತಿರುಗಿ, ಬರದಿಟ್ಕೊರ್ರಿ ಮಾಸ್ತರ್ರ ಎಂದು ಒಂದೇ ಮಾತು ಅಂದಳು. ಅಂದವಳು ನೀರಿಗಿಳಿದಳು. ಆಚೆ ದಂಡೆಯಲ್ಲಿ ಹಿಂಡುಗಳು ಸಾಲುಗೊಂಡು ಸಿಂಧನೂರಿನ ಎರಿ ನೆಲದತ್ತ ಹೊರಟವು. ಎರಡನೆಯ ಹಿಂಡಿನ ಪಕ್ಕದಲ್ಲಿ ಕೆಂಚ ನಡೆಯುತ್ತಿತ್ತು. ಅದರ ಮುಂದೆ ನಾಲ್ಕು ಹೆಜ್ಜೆ ಆಚೆ ಗುಂಡ ಕುಂಟುತ್ತ ಹೋಗುತ್ತಿತ್ತು. ಕೆಂಚನ ಹಗ್ಗ ಧೂಳಿನಲ್ಲಿ ಒಂದು ಗೆರೆ ಎಳೆಯುತ್ತ ಅದರ ಹಿಂದೆ ಸಾಗಿತ್ತು. ಹುಲಿಗೆಮ್ಮನ ಎರಡೂ ಕೈಗಳು ಖಾಲಿ ಇದ್ದವು.